ಅಂಗಳದ ಹೂಗಿಡ, ಅಡವಿಯ ಪಿಡುಗು

‘ಹಿತ್ತಲ ಗಿಡ ಮದ್ದಲ್ಲ’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಣ್ಣೆದುರಿಗೆ ತಾನಾಗಿ ಬೆಳೆದುದರ ಬೆಲೆ ನಮಗೆ ತಿಳಿಯುವುದಿಲ್ಲ. ದೂರದಿಂದ ಬಂದುದು, ಹಣ ಕೊಟ್ಟು ತಂದುದು ಮಾತ್ರವೇ ಶ್ರೇಷ್ಠವೆಂದು ತೋರುತ್ತದೆ. ಮನುಷ್ಯಸ್ವಭಾವದ ಈ ದೌರ್ಬಲ್ಯವನ್ನು ಅವರು ಮೂರೇ ಮಾತುಗಳಲ್ಲಿ ಹಿಡಿದಿಟ್ಟಿದ್ದಾರೆ. ಮದ್ದಿನ ವಿಷಯದಲ್ಲಿ ಹೇಳಿದ ಈ ಮಾತು ಹೂವಿನ ವಿಷಯಕ್ಕೂ ಒಪ್ಪುತ್ತದೆ. ಮುಂಬಯಿ, ಪುಣೆಗಳಂಥ ನಗರಗಳಲ್ಲಿ ಸಾರ್ವಜನಿಕ ಉದ್ಯಾನಗಳನ್ನು ನೋಡಿರಿ, ಹೌಸಿಂಗ್ ಸೊಸೈಟಿಗಳ ಅಂಗಳಗಳನ್ನು ನೋಡಿರಿ, ಮನೆಗಳ ಗ್ಯಾಲರಿಯ ಕುಂಡಗಳನ್ನು ನೋಡಿರಿ. ಅಲ್ಲಿ ನಳನಳಿಸುವ ಗಿಡಗಳಲ್ಲಿ ಬಹುಪಾಲು ಬೇರೆ ಖಂಡಗಳಿಂದ ಬಂದವು. ಅವು ಸುಂದರವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಕೆಲವು ನಮ್ಮ ಅಂಗಳದ ಎಲ್ಲೆಯನ್ನು ದಾಟಿ, ಕೆರೆಗಳನ್ನೂ ಗುಡ್ಡಗಳನ್ನೂ ಅರಣ್ಯಗಳನ್ನೂ ಹೊಕ್ಕು, ಅಲ್ಲಿಯ ಸಹಜ ಸಸ್ಯಸಂಪತ್ತನ್ನು ನುಂಗುತ್ತಿವೆ. ಅವು ಯಾವುವು, ಏಕೆ ಹಾಗೆ ಹಬ್ಬುತ್ತವೆ, ಅವುಗಳ ಎಡೆಯಲ್ಲಿ ನಮ್ಮ ನೆಲದ ಯಾವ ಗಿಡಗಳನ್ನು ನೆಡಬಹುದು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಅತಿಥಿಯೂ ಆಕ್ರಮಣಕಾರಿಯೂ

ಮೊದಲಿಗೇ ಒಂದು ಭ್ರಮೆಯನ್ನು ದೂರಮಾಡಿಕೊಳ್ಳಬೇಕು. ಹೊರನಾಡಿನಿಂದ ಬಂದ ಗಿಡಗಳೆಲ್ಲ ಕೆಟ್ಟವಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಅಮೆರಿಕ ಖಂಡದವು. ಕರಾವಳಿಯ ಗೇರುಮರವೂ ಅಲ್ಲಿಂದಲೇ ಬಂದುದು. ದಸರೆಯ ದಿನ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ಮೂಲ ಮೆಕ್ಸಿಕೊ. ಗುಡಿಯ ಅಂಗಳದ ದೇವಕಣಗಿಲೆಯೂ ಅಮೆರಿಕದ್ದೇ. ಮೇ ತಿಂಗಳಿನಲ್ಲಿ ಬೀದಿಬೀದಿಗಳನ್ನು ಕೆಂಪಾಗಿಸುವ ಗುಲ್‌ಮೊಹರಿನ ತವರು ಮಡಗಾಸ್ಕರ ದ್ವೀಪ. ಇವು ನಮ್ಮ ಬಾಳಿನಲ್ಲಿ ಬೆರೆತುಹೋಗಿವೆ. ಇವುಗಳಿಂದ ನಮ್ಮ ಕಾಡುಗಳಿಗೆ ಹೇಳಿಕೊಳ್ಳುವಂಥ ಕೇಡಾಗಿಲ್ಲ.

ಊರು ಬಿಟ್ಟು ಬಂದು, ಈ ಮಹಾನಗರಗಳಲ್ಲಿ ನೆಲೆಸಿ, ಇಲ್ಲಿಯ ಅನ್ನವನ್ನುಂಡು, ಇಲ್ಲಿಯ ಜನರೊಡನೆ ಹೊಂದಿ ಬಾಳುತ್ತಿರುವ ನಮಗಂತೂ ಹೊರಗಿನಿಂದ ಬಂದುದೆಲ್ಲ ಹೊರೆಯೆಂಬ ಮಾತು ಒಪ್ಪಿಗೆಯಾಗದು, ಆಗಲೂ ಬಾರದು. ಹೊರಗಿನಿಂದ ಬಂದುದು ದೋಷವಲ್ಲ. ನೆರೆಯವರಿಗೆ ಎಡೆಗೊಡದಿರುವುದು ದೋಷ. ಹೊಸ ನೆಲದಲ್ಲಿ ತೋಟಗಾರನ ನೆರವಿಲ್ಲದೆ ತಾನಾಗಿಯೇ ಸಂತಾನವನ್ನು ಹೆಚ್ಚಿಸಿಕೊಂಡು, ಅಲ್ಲಿಯ ಸಸ್ಯ ಪ್ರಾಣಿಗಳ ಬಾಳುವೆಗೆ ಕೇಡು ತರುವ ಸಸ್ಯವನ್ನು ಮಾತ್ರ ವಿಜ್ಞಾನಿಗಳು ‘ಆಕ್ರಮಣಕಾರಿ ಸಸ್ಯ’ವೆಂದು ಕರೆಯುತ್ತಾರೆ.

ಈ ಭೇದವನ್ನು ಅಂಕೆಗಳೂ ಸಮರ್ಥಿಸುತ್ತವೆ. ಜೀವವೈವಿಧ್ಯದ ವಿಷಯವಾಗಿ ಸರ್ಕಾರಗಳಿಗೆ ಸಲಹೆ ನೀಡುವ ಅಂತರರಾಷ್ಟ್ರೀಯ ವಿಜ್ಞಾನ ವೇದಿಕೆಯೊಂದು ೨೦೨೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನ ಮೂಲಕ ತಮ್ಮ ನೆಲೆಯನ್ನು ಬಿಟ್ಟು ಬೇರೆಡೆ ತಳವೂರಿದ ಜೀವಿಗಳು ಸುಮಾರು ೩೭,೦೦೦. ಅವುಗಳಲ್ಲಿ ಹಾನಿಕರವಾಗಿ ಪರಿಣಮಿಸಿದವು ೩,೫೦೦ಕ್ಕಿಂತ ತುಸು ಹೆಚ್ಚು. ಸಸ್ಯಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಪರದೇಶದಿಂದ ಬಂದ ನೂರರಲ್ಲಿ ಆರು ಮಾತ್ರವೇ ಉಪದ್ರವಕಾರಿಗಳು. ಆದರೆ ಆ ಆರು ಮಾಡುವ ಹಾನಿಯನ್ನು ಉಳಿದ ತೊಂಬತ್ತನಾಲ್ಕರ ಸಜ್ಜನಿಕೆ ತುಂಬಿಕೊಡಲಾರದು. ದಾಖಲೆಯಾಗಿರುವ ಸಸ್ಯ ಪ್ರಾಣಿಗಳ ಅಳಿವಿನಲ್ಲಿ ನೂರಕ್ಕೆ ಅರವತ್ತರಷ್ಟು ಪ್ರಸಂಗಗಳಲ್ಲಿ ಇಂಥ ಆಕ್ರಮಣಕಾರಿ ಜೀವಿಗಳ ಕೈವಾಡವುಂಟೆಂದು ಅದೇ ವರದಿ ಹೇಳುತ್ತದೆ.

ಲಂಟಾನದ ಕಥೆ

ಹೂವಿನ ಆಸೆಯಿಂದ ತಂದ ಗಿಡ ಹೇಗೆ ಪಿಡುಗಾಗಬಹುದೆಂಬುದಕ್ಕೆ ಲಂಟಾನಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಮಹಾರಾಷ್ಟ್ರದ ಜನರು ಇದನ್ನು ಘಾಣೇರಿ ಎಂದೂ ಟಣಟಣಿ ಎಂದೂ ಕರೆಯುತ್ತಾರೆ. ಎಲೆಯನ್ನು ಹಿಸುಕಿದರೆ ಬರುವ ಘಾಟುವಾಸನೆಯೇ ಮೊದಲ ಹೆಸರಿಗೆ ಕಾರಣ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು, ಗುಲಾಬಿ ಬಣ್ಣಗಳ ಪುಟ್ಟ ಹೂಗಳು ಕಿಕ್ಕಿರಿದಿರುತ್ತವೆ. ಅರಳಿದಾಗ ಹಳದಿಯಾಗಿದ್ದ ಹೂವು ದಿನ ಕಳೆದಂತೆ ಬಣ್ಣವನ್ನು ಬದಲಾಯಿಸುವುದು ಈ ಗಿಡದ ಚಮತ್ಕಾರ.

ಲಂಟಾನದ ತವರು ಅಮೆರಿಕದ ಉಷ್ಣವಲಯ. ಅಲ್ಲಿಂದ ಅದು ಯೂರೋಪಿಗೆ ಬಂತು. ಅಲ್ಲಿಯ ತೋಟಗಾರರು ಬಗೆಬಗೆಯ ಲಂಟಾನಗಳನ್ನು ಪರಸ್ಪರ ಕೂಡಿಸಿ, ಇನ್ನೂ ಚೆಲುವಾದ, ಇನ್ನೂ ಗಟ್ಟಿಯಾದ ಮಿಶ್ರತಳಿಗಳನ್ನು ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಈ ತೋಟದ ಗಿಡವನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಂಗಲೆಗಳ ಸುತ್ತ ಬೇಲಿಯಾಗಿ ಅದು ಊರಿಂದೂರಿಗೆ ಹೋಯಿತು. ಮುಂದಿನ ಕಾರ್ಯವನ್ನು ಹಕ್ಕಿಗಳು ನಡೆಸಿದವು. ಲಂಟಾನದ ಗಿಡವೊಂದು ವರ್ಷಕ್ಕೆ ಸಾವಿರಾರು ಕಪ್ಪುಹಣ್ಣುಗಳನ್ನು ಬಿಡುತ್ತದೆ. ಪಿಕಳಾರ, ಗೊರವಂಕಗಳು ಅವನ್ನು ತಿಂದು, ಹಾರಿಹೋದಲ್ಲೆಲ್ಲ ಬೀಜವನ್ನು ಉದುರಿಸುತ್ತವೆ. ಆದುದರಿಂದ ‘ನನ್ನ ಬೇಲಿ ನನ್ನ ಅಂಗಳದಲ್ಲಿಯೇ ಇದೆಯಲ್ಲ’ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಕ್ಕಿಗೆ ಕಾಂಪೌಂಡಿನ ಗೋಡೆ ಅಡ್ಡಬರದು. ಮುಂಬಯಿಯ ಒಡಲಿನಲ್ಲಿಯೇ ನೂರು ಚದರ ಕಿಲೋಮೀಟರಿಗೂ ಮಿಕ್ಕು ಹರಡಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಇಂದು ಲಂಟಾನದ ಪೊದೆಗಳಿವೆ. ಬೋರಿವಲಿ, ಮುಲುಂಡ್, ಠಾಣೆಗಳ ವಸತಿಗಳು ಆ ಕಾಡಿಗೆ ತಾಗಿಕೊಂಡೇ ಇವೆ.

ಈ ಗಿಡದ ವ್ಯಾಪ್ತಿ ಎಷ್ಟು? ಭಾರತದ ಹುಲಿಗಳ ಅರಣ್ಯಪ್ರದೇಶವನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸುಮಾರು ೧,೫೪,೦೦೦ ಚದರ ಕಿಲೋಮೀಟರ್ ಕಾಡಿನಲ್ಲಿ, ಎಂದರೆ ಆ ಪ್ರದೇಶದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗದಲ್ಲಿ, ಲಂಟಾನ ನೆಲೆಯೂರಿದೆ. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣ ೧,೯೧,೭೯೧ ಚದರ ಕಿಲೋಮೀಟರ್. ಇವೆರಡನ್ನು ಹೋಲಿಸಿದರೆ, ಕರ್ನಾಟಕದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲಕ್ಕೆ ಒಂದು ಅಲಂಕಾರದ ಗಿಡ ಕೈಚಾಚಿದೆ ಎಂದಾಯಿತು.

ಅದರ ಪರಿಣಾಮವನ್ನು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕಾಣಬಹುದು. ಲಂಟಾನದ ದಟ್ಟ ಪೊದೆಯ ಕೆಳಗೆ ಬಿಸಿಲು ಬೀಳದು. ಅದರ ಬೇರು ಎಲೆಗಳಿಂದ ಇಳಿಯುವ ರಾಸಾಯನಿಕ ವಸ್ತುಗಳು ಇತರ ಸಸಿಗಳ ಮೊಳಕೆಯನ್ನು ಕುಗ್ಗಿಸುತ್ತವೆ. ಹುಲ್ಲು ಅಳಿದರೆ ಜಿಂಕೆ, ಕಾಟಿ, ಆನೆಗಳಿಗೆ ಮೇವಿಲ್ಲ. ಮೇವಿಗಾಗಿ ಅವು ಹೊಲಗಳತ್ತ ಬಂದರೆ ರೈತನಿಗೆ ಉಳಿವಿಲ್ಲ. ಲಂಟಾನದ ಎಲೆಯನ್ನು ತಿಂದ ದನಕರುಗಳ ಪಿತ್ತಜನಕಾಂಗ ಕೆಟ್ಟು, ಬಿಸಿಲು ತಾಗಿದ ಚರ್ಮದಲ್ಲಿ ಹುಣ್ಣಾಗುತ್ತದೆ. ಬೇಸಗೆಯಲ್ಲಿ ಒಣಗಿದ ಪೊದೆಗಳಿಗೆ ಕಿಡಿ ತಾಗಿದರೆ ಬೆಂಕಿ ನೆಲದಿಂದ ಮರದ ನೆತ್ತಿಗೇ ಏರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರು ಹೇಳುವ ಮಾತೊಂದುಂಟು: ಹಿಂದೆ ಬೇಸಗೆಯ ಮೊದಲಿಗೆ ಒಣ ಎಲೆಗಳಿಗೆ ‘ತರಗು ಬೆಂಕಿ’ ಹಾಕುತ್ತಿದ್ದರು, ಆ ಮಂದವಾದ ಬೆಂಕಿ ಎಳೆಯ ಲಂಟಾನವನ್ನು ಸುಡುತ್ತಿತ್ತು, ಆ ಪದ್ಧತಿ ನಿಂತಮೇಲೆ ಲಂಟಾನ ಮೇಲುಗೈಯಾಯಿತು. ಕಾಡಿನೊಡನೆ ಬಾಳಿದವರ ಈ ಅನುಭವವನ್ನು ಇಂದು ಸಂಶೋಧಕರೂ ಆದರದಿಂದ ಪರಿಶೀಲಿಸುತ್ತಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳನ್ನೇ ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಬದಲಾಗಿ ಬಳಸಿ ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ. ಇದು ಶ್ಲಾಘ್ಯವಾದ ಉದ್ಯೋಗ. ಆದರೆ ಹಬ್ಬಿದ ಗಿಡದ ಮೊತ್ತದ ಮುಂದೆ ಕುರ್ಚಿಗಳ ಲೆಕ್ಕ ಎಷ್ಟರದು?

ಕೆರೆಯನ್ನು ನುಂಗಿದ ಹೂವು

ನೆಲದ ಮೇಲೆ ಲಂಟಾನ ಮಾಡಿದುದನ್ನು ನೀರಿನ ಮೇಲೆ ಮಾಡಿದುದು ಅಂತರಗಂಗೆ. ಮರಾಠಿಯಲ್ಲಿ ಇದಕ್ಕೆ ಜಲಪರ್ಣಿ ಎಂದು ಹೆಸರು. ಉಬ್ಬಿದ ತೊಟ್ಟುಗಳ ಮೇಲೆ ತೇಲುತ್ತ, ನೇರಳೆ ಬಣ್ಣದ ಹೂಗೊಂಚಲನ್ನು ಎತ್ತಿ ಹಿಡಿಯುವ ಈ ಗಿಡದ ಮೇಲೆಸಳಿನಲ್ಲಿ ನವಿಲಿನ ಕಣ್ಣಿನಂಥ ಹಳದಿಯ ಚುಕ್ಕೆಯಿರುತ್ತದೆ. ಆ ಹೂವಿಗೆ ಮರುಳಾದವರು ದಕ್ಷಿಣ ಅಮೆರಿಕದಿಂದ ಅದನ್ನು ಲೋಕದ ಕೊಳಗಳಿಗೆಲ್ಲ ಒಯ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಬಂಗಾಳವನ್ನು ಸೇರಿತು. ಕೆಲವೇ ದಶಕಗಳಲ್ಲಿ ಬಂಗಾಳದ ಹೊಳೆಕಾಲುವೆಗಳಲ್ಲಿ ದೋಣಿ ನಡೆಯದಾಯಿತು. ಭತ್ತದ ಗದ್ದೆಗಳನ್ನು ಅದು ಮುಚ್ಚಿತು. ೧೯೨೧ರಲ್ಲಿ ಸರ್ಕಾರವು ಇದರ ವಿಚಾರಣೆಗೆಂದು ಸಮಿತಿಯನ್ನು ನೇಮಿಸಿ, ಸಸ್ಯಗಳ ಸಂವೇದನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಜಗದೀಶಚಂದ್ರ ಬೋಸರನ್ನು ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿತು. ೧೯೩೬ರಲ್ಲಿ ಬಂಗಾಳದ ಶಾಸನಸಭೆ ಈ ಒಂದು ಗಿಡಕ್ಕಾಗಿಯೇ ಕಾಯಿದೆಯನ್ನು ಮಾಡಬೇಕಾಯಿತು. ಆದರೂ ಗಿಡ ಸೋಲಲಿಲ್ಲ. ಇಂದು ಮುಂಬಯಿಯ ಪವಾಯಿ ಸರೋವರದಲ್ಲಿಯೂ ಪುಣೆಯ ಮುಳಾ ಮುಠಾ ನದಿಗಳಲ್ಲಿಯೂ ನಗರಸಭೆಗಳು ಯಂತ್ರಗಳಿಂದ ಅದನ್ನು ಎತ್ತಿಸುತ್ತಲೇ ಇವೆ. ಅದು ಮರಳಿ ಬೆಳೆಯುತ್ತಲೇ ಇದೆ.

ಇದರ ಬೆಳವಣಿಗೆಯ ವೇಗವನ್ನು ತಿಳಿಯಲು ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಅನುಕೂಲವಾದ ನೀರಿನಲ್ಲಿ ಈ ಗಿಡದ ಸಂಖ್ಯೆ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲುದು. ವರ್ಷದಲ್ಲಿ ೫೨ ವಾರಗಳು. ಎಂದರೆ ೨೬ ಸಲ ಇಮ್ಮಡಿ. ಒಂದು ಗಿಡದಿಂದ ಆರಂಭಿಸಿ ೨೬ ಸಲ ಎರಡರಿಂದ ಗುಣಿಸಿದರೆ ಬರುವ ಸಂಖ್ಯೆ ೬,೭೧,೦೮,೮೬೪. ಎಡೆಯೂ ಆಹಾರವೂ ಅಷ್ಟು ದೊರೆಯುವುದಿಲ್ಲವಾದುದರಿಂದ ನಿಜವಾಗಿ ಆರು ಕೋಟಿ ಗಿಡಗಳಾಗುವುದಿಲ್ಲ. ಆದರೆ ಕೆರೆಯೊಂದು ಒಂದೇ ವರ್ಷದಲ್ಲಿ ಹಸುರು ಮೈದಾನವಾಗುವುದು ಏಕೆಂದು ಈ ಲೆಕ್ಕದಿಂದ ಅರ್ಥವಾಗುತ್ತದೆ. ಕೆರೆಗೆ ಹೊಲಸುನೀರು ಬಂದು ಸೇರಿದರೆ ಅದೇ ಈ ಗಿಡಕ್ಕೆ ಗೊಬ್ಬರ. ಅದು ಮುಚ್ಚಿದ ನೀರಿನೊಳಕ್ಕೆ ಬೆಳಕು ಇಳಿಯದು, ನೀರಿನಲ್ಲಿ ಕರಗಿದ ಪ್ರಾಣವಾಯು ಕುಂದಿ ಮೀನುಗಳು ಸಾಯುತ್ತವೆ, ಸೊಳ್ಳೆಗಳು ಹೆಚ್ಚುತ್ತವೆ. ಅದರ ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷಗಳವರೆಗೂ ಜೀವ ಹಿಡಿದಿರಬಲ್ಲುದು.

ಇದಕ್ಕೆ ಕಾರಣವೇನು?

ತವರಿನಲ್ಲಿ ಸಾಧುವಾಗಿದ್ದ ಗಿಡ ಹೊರನಾಡಿನಲ್ಲಿ ಹೀಗೇಕೆ ಅಂಕೆಮೀರಿ ಬೆಳೆಯಬೇಕು? ಪ್ರತಿಯೊಂದು ಸಸ್ಯವನ್ನೂ ಅದರ ತವರಿನಲ್ಲಿ ತಿನ್ನುವ ಹುಳುಗಳುಂಟು, ಕಾಡುವ ಶಿಲೀಂಧ್ರಗಳುಂಟು. ಲಕ್ಷಾಂತರ ವರ್ಷಗಳ ಒಡನಾಟದಿಂದ ಅವುಗಳಲ್ಲಿ ಒಂದು ಸಮತೋಲ ಏರ್ಪಟ್ಟಿರುತ್ತದೆ. ಗಿಡವನ್ನು ಹಡಗಿನಲ್ಲಿ ತರುವವನು ಅದರ ಶತ್ರುಗಳನ್ನು ತರುವುದಿಲ್ಲ. ಹೊಸ ನಾಡಿನ ಹುಳುಗಳಿಗೆ ಆ ಎಲೆಯ ರುಚಿ ತಿಳಿಯದು. ಅದರಲ್ಲಿರುವ ವಿಷವನ್ನು ಜೀರ್ಣಿಸಿಕೊಳ್ಳುವ ಶಕ್ತಿಯೂ ಅವಕ್ಕಿಲ್ಲ. ಹೀಗೆ ತಡೆಯುವವರಿಲ್ಲದೆ ಗಿಡ ಬೆಳೆಯುತ್ತದೆ. ಈ ಕಾರಣದಿಂದಲೇ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ೧೯೮೨ರಲ್ಲಿ ಅಂತರಗಂಗೆಯನ್ನು ತಿನ್ನುವ ದಕ್ಷಿಣ ಅಮೆರಿಕದ ಸೊಂಡಿಲುಕೀಟಗಳನ್ನು ತರಿಸಿ, ಅವು ಬೇರೆ ಬೆಳೆಗಳನ್ನು ಮುಟ್ಟವೆಂಬುದನ್ನು ಪರೀಕ್ಷಿಸಿದ ಮೇಲೆ ಕೆರೆಗಳಲ್ಲಿ ಬಿಟ್ಟರು. ಬೆಂಗಳೂರಿನ ಸುತ್ತಲಿನ ಕೆಲವು ಕೆರೆಗಳಲ್ಲಿ ಅದರಿಂದ ಒಳ್ಳೆಯ ಫಲ ದೊರೆಯಿತು.

ಇಲ್ಲಿ ಒಂದು ಆಕ್ಷೇಪವನ್ನು ಉತ್ತರಿಸಬೇಕು. ‘ಲಂಟಾನದ ಮೇಲೆ ಚಿಟ್ಟೆಗಳು ಮುತ್ತಿಕೊಂಡಿರುತ್ತವೆಯಲ್ಲ, ಅದು ಹೇಗೆ ಕೆಟ್ಟದಾಯಿತು?’ ಎಂದು ಕೇಳುವವರುಂಟು. ಚಿಟ್ಟೆಗೆ ಎರಡು ಬಗೆಯ ಆಹಾರ ಬೇಕು. ರೆಕ್ಕೆ ಬಂದಮೇಲೆ ಅದು ಮಕರಂದವನ್ನು ಹೀರುತ್ತದೆ. ಯಾವ ಹೂವಿನ ಮಕರಂದವಾದರೂ ನಡೆಯುತ್ತದೆ. ಆದರೆ ಕಂಬಳಿಹುಳುವಾಗಿದ್ದಾಗ ಅದಕ್ಕೆ ತನ್ನ ಜಾತಿಗೆ ಗೊತ್ತಾದ ಗಿಡದ ಎಲೆಯೇ ಬೇಕು. ಕರಿಬೇವು ನಿಂಬೆಗಳ ಎಲೆಯನ್ನು ತಿಂದು ಕಪ್ಪು ಮಾರ್ಮನ್ ಚಿಟ್ಟೆ ಬೆಳೆಯುತ್ತದೆ. ೨೦೧೫ರಲ್ಲಿ ಮಹಾರಾಷ್ಟ್ರದ ರಾಜ್ಯಚಿಟ್ಟೆಯೆಂದು ಘೋಷಿತವಾದ ನೀಲಿ ಮಾರ್ಮನ್ ಕೂಡ ನಿಂಬೆಯ ಬಳಗದ ಗಿಡಗಳನ್ನೇ ಆಶ್ರಯಿಸುತ್ತದೆ. ಎಕ್ಕದ ಎಲೆಯ ಮೇಲೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಮೊಟ್ಟೆಯಿಡುತ್ತದೆ. ಕರ್ನಾಟಕದ ರಾಜ್ಯಚಿಟ್ಟೆಯಾದ, ಕಪ್ಪು ಹಳದಿ ರೆಕ್ಕೆಗಳ ಬೃಹತ್ ಚಿಟ್ಟೆ ಈಶ್ವರಿಬಳ್ಳಿಯನ್ನು ಬಿಟ್ಟು ಬದುಕದು. ಲಂಟಾನದ ಎಲೆಯನ್ನು ತಿಂದು ಬೆಳೆಯುವ ನಮ್ಮ ನಾಡಿನ ಚಿಟ್ಟೆಗಳಿಲ್ಲವೆಂದೇ ಹೇಳಬೇಕು. ಬರಿಯ ಲಂಟಾನದ ತೋಟ ಚಿಟ್ಟೆಗಳಿಗೆ ಪಾನಕವನ್ನು ಕೊಡುವ ಛತ್ರ; ಮಕ್ಕಳನ್ನು ಸಾಕುವ ಮನೆಯಲ್ಲ. ಚಿಟ್ಟೆಯ ಹುಳುಗಳಿಲ್ಲದಿದ್ದರೆ, ಮರಿಗಳಿಗೆ ಹುಳುಗಳನ್ನು ಉಣಿಸುವ ಹಕ್ಕಿಗಳೂ ಕಡಿಮೆಯಾಗುತ್ತವೆ.

ಯಾವುದರ ಬದಲು ಯಾವುದು?

ಕೆಟ್ಟದನ್ನು ಬಿಡಿರೆಂದು ಹೇಳಿದರೆ ಸಾಲದು. ಅದರ ಎಡೆಯಲ್ಲಿ ಒಳ್ಳೆಯದನ್ನು ತೋರಿಸಬೇಕು. ತೋಟಗಾರನು ಗಿಡವನ್ನು ಒಂದು ಪ್ರಯೋಜನಕ್ಕೆಂದು ನೆಡುತ್ತಾನೆ. ಬೇಲಿಗೆ, ನೆಲದ ಹೊದಿಕೆಗೆ, ಕೊಳದ ಶೋಭೆಗೆ, ಹೂಮರದ ಬೆಡಗಿಗೆ. ಆ ಪ್ರಯೋಜನವನ್ನೇ ಮುಂದಿಟ್ಟುಕೊಂಡು ಬದಲನ್ನು ಹುಡುಕೋಣ.

೧. ಬೇಲಿಗೆ: ಲಂಟಾನದ ಬದಲು ಕೇಪಳವನ್ನು ನೆಡಬಹುದು. ಅದರ ಕೆಂಪುಹೂಗಳ ಗೊಂಚಲು ಲಂಟಾನಕ್ಕೆ ಸೋಲುವುದಿಲ್ಲ. ಅದರ ಸಣ್ಣ ಹಣ್ಣುಗಳನ್ನು ಕರಾವಳಿಯ ಮಕ್ಕಳು ಗುಡ್ಡಗಳಲ್ಲಿ ಆಯ್ದು ತಿನ್ನುತ್ತಾರೆ. ಮುಳ್ಳಿನ ಬೇಲಿ ಬೇಕಾದವರಿಗೆ ಹಳದಿ ಹೂವಿನ ಮುಳ್ಳುಗೋರಂಟೆಯುಂಟು. ಮರಾಠಿಯ ಕೋರಾಂಟಿಯೂ ಇದೇ. ದನ ಆಡುಗಳ ಕಾಟವಿದ್ದಲ್ಲಿ, ಆಡು ಕೂಡ ಬಾಯಿ ಹಾಕದ ಆಡುಸೋಗೆಯೂ ಲಕ್ಕಿಗಿಡವೂ ಒಳ್ಳೆಯ ಬೇಲಿಗಳು. ಆಡುಸೋಗೆ ಕೆಮ್ಮಿಗೆ ಮನೆಮದ್ದೆಂದು ಎಲ್ಲರೂ ಬಲ್ಲರು. ನೆರಳಿರುವ ಕಡೆ ನಂದಿಬಟ್ಟಲು ಬೆಳ್ಳಗೆ ಹೂಬಿಡುತ್ತದೆ. ಗ್ಯಾಲರಿಯ ಕುಂಡಕ್ಕೆ ಕನಕಾಂಬರ ಸಾಕು. ಕರಾವಳಿಯ ನಮ್ಮವರು ಇದನ್ನು ಅಬ್ಬಲಿಗೆ ಎನ್ನುತ್ತಾರೆ, ಮರಾಠಿ ಕೊಂಕಣಿಯವರು ಅಬೋಲಿ ಎನ್ನುತ್ತಾರೆ. ದಕ್ಷಿಣ ಭಾರತದ್ದೇ ಆದ ಈ ಗಿಡ ಮುಡಿಗೂ ದೇವರಿಗೂ ಹೂವನ್ನು ಕೊಡುತ್ತದೆ.

೨. ನೆಲದ ಹೊದಿಕೆಗೆ: ಹೊಸ ಕಟ್ಟಡಗಳ ಮುಂದೆಯೂ ರಸ್ತೆಯ ನಡುವಣ ಪಟ್ಟಿಯಲ್ಲಿಯೂ ಹಳದಿಹೂವಿನ ವೆಡೇಲಿಯವೆಂಬ ಬಳ್ಳಿಗಿಡವನ್ನು ಹಾಸುತ್ತಾರೆ. ಇದೂ ಅಮೆರಿಕದ್ದು, ಕಡಿದೆಸೆದ ತುಂಡೊಂದು ತೇವದ ನೆಲಕ್ಕೆ ಬಿದ್ದರೆ ಅಲ್ಲಿಯೇ ಬೇರುಬಿಟ್ಟು ಹಬ್ಬುತ್ತದೆ. ಇದರ ಬದಲು ತೇವವಿರುವ ಕಡೆ ಒಂದೆಲಗವನ್ನು ಹಾಸಬಹುದು. ದುಂಡನೆಯ ಅದರ ಎಲೆ ನೋಡಲು ಅಂದ. ಬೇಸಗೆಯಲ್ಲಿ ಒಂದೆಲಗದ ತಂಬುಳಿ ಊಟಕ್ಕೆ ತಂಪು.

೩. ಕೊಳಕ್ಕೆ: ಅಂತರಗಂಗೆಯನ್ನು ತೊಟ್ಟಿಗೂ ತರಬೇಡಿರಿ. ನಮ್ಮ ನೈದಿಲೆಯಿದೆ, ತಾವರೆಯಿದೆ. ಇವುಗಳನ್ನು ಕುಂಡದಲ್ಲಿ ನೆಟ್ಟು ನೀರಿನೊಳಗೆ ಇಟ್ಟರೆ ಹಬ್ಬುವಿಕೆಯೂ ಅಂಕೆಯಲ್ಲಿರುತ್ತದೆ. ಮೀನು ಸಾಕುವವರು ಗಾಜಿನ ತೊಟ್ಟಿಯ ಹೆಚ್ಚಾದ ನೀರುಗಿಡಗಳನ್ನು ಕೆರೆಗೋ ಚರಂಡಿಗೋ ಎಸೆಯಕೂಡದು. ಬಿಸಿಲಿನಲ್ಲಿ ಒಣಗಿಸಿ ಗೊಬ್ಬರ ಮಾಡಬೇಕು.

೪. ಹಳದಿಹೂವಿನ ಮರಕ್ಕೆ: ಅಮೆರಿಕದಿಂದ ಹೂವಿಗೂ ನೆರಳಿಗೂ ತಂದ ‘ಸೆನ್ನ ಸ್ಪೆಕ್ಟಾಬಿಲಿಸ್’ ಎಂಬ ಮರ ವಯನಾಡು, ಮುದುಮಲೈ, ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಹಬ್ಬಿ, ಅರಣ್ಯ ಇಲಾಖೆಗಳಿಗೆ ದೊಡ್ಡ ಸಮಸ್ಯೆಯಾಗಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದಕ್ಕಿಂತ ಚೆಲುವಾದ ಕಕ್ಕೆಮರ ನಮ್ಮಲ್ಲಿಯೇ ಇರುವಾಗ ಆ ಮರವೇಕೆ? ಬೇಸಗೆಯಲ್ಲಿ ಎಲೆಯುದುರಿಸಿ, ಮಾರುದ್ದದ ಹೊನ್ನಿನ ಸರಗಳನ್ನು ಇಳಿಬಿಡುವ ಕಕ್ಕೆಯನ್ನು ಮರಾಠಿಗರು ಬಹಾವಾ ಎನ್ನುತ್ತಾರೆ. ಅದು ಕೇರಳದ ರಾಜ್ಯಪುಷ್ಪ. ಎಡೆ ಚಿಕ್ಕದಾಗಿದ್ದರೆ ತಂಗಡಿಯನ್ನು ನೆಡಬಹುದು. ತೆಲಂಗಾಣವು ಅದನ್ನು ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡು ಗೌರವಿಸಿದೆ.

೫. ಕೆಂಪುಹೂವಿನ ಮರಕ್ಕೆ: ಆಫ್ರಿಕದಿಂದ ಬಂದ ಒಂದು ಮರವನ್ನು, ಮೊಗ್ಗನ್ನು ಹಿಸುಕಿದರೆ ನೀರು ಚಿಮ್ಮುವುದರಿಂದ ನೀರುಕಾಯಿ ಮರವೆಂದು ಮಕ್ಕಳು ಕರೆಯುತ್ತಾರೆ. ಗಾಳಿಯಲ್ಲಿ ತೇಲುವ ತೆಳುಬೀಜಗಳಿಂದ ಅದು ಬಹುದೂರ ಹರಡಬಲ್ಲುದು. ಅದರ ಎಡೆಯಲ್ಲಿ ಮುತ್ತುಗವನ್ನೂ ಬೂರುಗವನ್ನೂ ನೆಡಬಹುದು. ಎಲೆಯಿಲ್ಲದ ಕೊಂಬೆಗಳಲ್ಲಿ ಬೆಂಕಿಯಂತೆ ಅರಳುವ ಈ ಹೂಗಳಿಗೆ ಗೊರವಂಕ, ಗಿಳಿ, ಸೂರಕ್ಕಿಗಳು ಸಂತೆ ನೆರೆಯುತ್ತವೆ. ನೇರಳೆಯ ಬಣ್ಣ ಬೇಕೆನ್ನುವವರಿಗೆ ಹೊಳೆದಾಸವಾಳವಿದೆ. ಮಹಾರಾಷ್ಟ್ರದ ರಾಜ್ಯಪುಷ್ಪವಾದ ‘ತಾಮ್ಹಣ’ ಬೇರಾವುದೂ ಅಲ್ಲ, ನಮ್ಮ ಮಲೆನಾಡ ಹೊಳೆದಂಡೆಗಳ ಈ ಹೊಳೆದಾಸವಾಳವೇ.

ಲಂಟಾನ, ಅಂತರಗಂಗೆ, ವೆಡೇಲಿಯ, ನೀರುಕಾಯಿ ಮರ ಈ ನಾಲ್ಕೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಸಿದ್ಧಪಡಿಸಿದ ‘ಜಗತ್ತಿನ ನೂರು ದುಷ್ಟ ಆಕ್ರಮಣಕಾರಿ ಜೀವಿ’ಗಳ ಪಟ್ಟಿಯಲ್ಲಿವೆ. ನಾಲ್ಕೂ ಅಲಂಕಾರಕ್ಕೆಂದು ಊರೂರಿಗೆ ಹೋದವು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಕೀಳುವ ಕ್ರಮ, ನೆಡುವ ಕ್ರಮ

ಈ ಮಾತುಗಳನ್ನು ಓದಿದವರು ಉತ್ಸಾಹದಿಂದ ಕೊಡಲಿಯನ್ನು ಕೈಗೆತ್ತಿಕೊಳ್ಳಬಾರದು. ಬೆಳೆದು ನಿಂತ ದೊಡ್ಡ ಮರಗಳನ್ನು ಅವಸರದಿಂದ ಕಡಿಯುವುದು ಸಲ್ಲದು. ಅವು ನೆರಳನ್ನು ಕೊಡುತ್ತಿವೆ, ಅವುಗಳಲ್ಲಿ ಹಕ್ಕಿಗಳು ಗೂಡುಕಟ್ಟಿವೆ. ಅಲ್ಲದೆ ಮಹಾರಾಷ್ಟ್ರದ ನಗರಗಳಲ್ಲಿ ೧೯೭೫ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಮರವನ್ನು ಕಡಿಯುವುದು ಅಪರಾಧ. ಇರುವ ಮರ ತನ್ನ ಆಯುಷ್ಯವನ್ನು ಮುಗಿಸಲಿ. ಹೊಸದಾಗಿ ನೆಡುವಾಗ ಮಾತ್ರ ನಮ್ಮ ನೆಲದ ಮರವನ್ನು ಆರಿಸಿಕೊಳ್ಳೋಣ.

ಪೊದೆಗಳ ವಿಷಯ ಬೇರೆ. ಲಂಟಾನವನ್ನು ಮೇಲಿನಿಂದ ಕತ್ತರಿಸಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ಸುಟ್ಟರೂ ಬುಡದಿಂದ ಏಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಸಿ. ಆರ್. ಬಾಬು ಅವರೂ ಅವರ ಸಹೋದ್ಯೋಗಿಗಳೂ ಸರಳವಾದ ಕ್ರಮವೊಂದನ್ನು ರೂಪಿಸಿದರು. ಕಾಂಡ ಮತ್ತು ತಾಯಿಬೇರು ಕೂಡುವ ಸಂಧಿಯಲ್ಲಿ ಚಿಗುರುವ ಶಕ್ತಿ ಅಡಗಿರುತ್ತದೆ. ಮಣ್ಣಿನ ಮಟ್ಟದಿಂದ ಒಂದೆರಡು ಅಂಗುಲ ಕೆಳಗೆ, ಆ ಸಂಧಿಗೂ ಕೆಳಗೆ, ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಮೇಲೆತ್ತಿ ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಆಗ ಅದಕ್ಕೆ ನೆಲವನ್ನು ಮತ್ತೆ ಹಿಡಿಯಲು ಆಗುವುದಿಲ್ಲ. ಈ ಕೆಲಸವನ್ನು ಹಣ್ಣಾಗುವುದಕ್ಕೆ ಮುನ್ನ ಮಾಡಬೇಕು. ಲಂಟಾನದ ಕಾಂಡದಲ್ಲಿ ಕೊಕ್ಕೆಮುಳ್ಳುಗಳಿ‌ರುವುದರಿಂದ ಮಕ್ಕಳು ಹಿರಿಯರ ಜತೆಯಲ್ಲಿ, ಕೈಗವಸನ್ನು ತೊಟ್ಟು ತೊಡಗಬೇಕು. ಮುಂದಿನ ಎರಡು ಮೂರು ಮಳೆಗಾಲಗಳಲ್ಲಿ ಉದುರಿದ ಬೀಜಗಳಿಂದ ಸಸಿಗಳೇಳುತ್ತವೆ; ಅವನ್ನು ಎಳೆಯದಿರುವಾಗಲೇ ಕೀಳಬೇಕು.

ಕಿತ್ತ ನೆಲವನ್ನು ಬರಿದಾಗಿ ಬಿಡುವುದೇ ದೊಡ್ಡ ತಪ್ಪು. ಬರಿದಾದ ನೆಲಕ್ಕೆ ಮೊದಲು ಬರುವುದು ಕಳೆಯೇ. ಆದುದರಿಂದ ದೊಡ್ಡ ತೋಟವಾದರೆ ಎಲ್ಲವನ್ನೂ ಒಂದೇ ದಿನ ತೆಗೆಯದೆ, ಮೂರರಲ್ಲಿ ಒಂದು ಭಾಗದಂತೆ ವರ್ಷವರ್ಷವೂ ತೆಗೆದು, ಅಲ್ಲಲ್ಲಿಯೇ ಹೊಸ ಸಸಿಗಳನ್ನು ನೆಡುತ್ತ ಬರುವುದು ಲೇಸು. ಹಕ್ಕಿ ಚಿಟ್ಟೆಗಳಿಗೂ ಆಗ ಒಮ್ಮೆಗೇ ಆಸರೆ ತಪ್ಪುವುದಿಲ್ಲ. ಮುಂಬಯಿಯಲ್ಲಿ ಜೂನ್ ತಿಂಗಳ ಮೊದಲ ಮಳೆಗಳು ಬಿದ್ದಮೇಲೆ ನೆಟ್ಟರೆ ನಾಲ್ಕು ತಿಂಗಳು ನೀರೆರೆಯುವ ಶ್ರಮವಿಲ್ಲ. ಗಿಡ ಬೇರೂರಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ನರ್ಸರಿಗೆ ಹೋದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಗಿಡದ ನಿಜವಾದ ಹೆಸರೇನು? ಇದರ ತವರು ಯಾವುದು? ಇದು ತಾನಾಗಿ ಬೀಜ ಬಿದ್ದು ಹಬ್ಬುತ್ತದೆಯೇ? ಮೂರನೆಯದಕ್ಕೆ ‘ಹೌದು, ಹಾಕಿದರೆ ಸಾಕು, ನೋಡಿಕೊಳ್ಳುವುದೇ ಬೇಡ’ ಎಂಬ ಉತ್ತರ ಬಂದರೆ ಎಚ್ಚರವಹಿಸಬೇಕು. ವ್ಯಾಪಾರಿಯು ಗುಣವೆಂದು ಹೇಳುವುದೇ ಕಾಡಿಗೆ ಕಂಟಕವಾಗಬಹುದು. ಗಿರಾಕಿ ಕೇಳದ ಗಿಡವನ್ನು ನರ್ಸರಿಯವನು ಬೆಳೆಸುವುದಿಲ್ಲ. ಹತ್ತು ಮನೆಗಳವರು ಕೇಪಳವನ್ನೂ ಹೊಳೆದಾಸವಾಳವನ್ನೂ ಕೇಳತೊಡಗಿದರೆ ಮುಂದಿನ ಮಳೆಗಾಲಕ್ಕೆ ಅವು ಅಲ್ಲಿಗೆ ಬರುತ್ತವೆ.

೨೦೨೨ರಲ್ಲಿ ಲೋಕದ ರಾಷ್ಟ್ರಗಳು ಕೂಡಿ ಮಾಡಿಕೊಂಡ ಜೀವವೈವಿಧ್ಯದ ಒಪ್ಪಂದದಲ್ಲಿ, ಆಕ್ರಮಣಕಾರಿ ಜೀವಿಗಳು ಹೊಸ ನೆಲೆಗಳಿಗೆ ಬಂದು ತಳವೂರುವುದನ್ನು ೨೦೩೦ರ ಒಳಗಾಗಿ ಅರ್ಧಕ್ಕೆ ಇಳಿಸಬೇಕೆಂಬ ಗುರಿಯನ್ನಿಟ್ಟಿದ್ದಾರೆ. ಅಂಥ ಗುರಿಗಳನ್ನು ಸರ್ಕಾರಗಳು ಬರೆಯಬಹುದು. ನಡೆಸಿಕೊಡಬೇಕಾದವರು ಅಂಗಳಗಳ ಒಡೆಯರು. ಲಂಟಾನ ಕಾಡಿಗೆ ಹೋದುದು ಬಂಗಲೆಯ ಬೇಲಿಯಿಂದ. ಅದನ್ನು ತಡೆಯುವ ಕಾರ್ಯವೂ ಬೇಲಿಯಿಂದಲೇ ಆರಂಭವಾಗಬೇಕು.

ವಿದ್ಯಾರ್ಥಿಮಿತ್ರರೇ, ನಿಮ್ಮಿಂದ ಆಗುವ ಕೆಲಸವೊಂದಿದೆ. ಒಂದೊಂದು ತರಗತಿಯವರು ಒಂದೊಂದು ದೇಶೀಯ ಗಿಡವನ್ನು ಶಾಲೆಯ ಆವರಣದಲ್ಲಿಯೋ ಕುಂಡದಲ್ಲಿಯೋ ನೆಟ್ಟು, ಅದರ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ತೂಗುಹಾಕಿರಿ. ಒಂದು ನೋಟುಬುಕ್ಕನ್ನಿಟ್ಟು, ಅದಕ್ಕೆ ಯಾವ ತಿಂಗಳು ಹೂವಾಯಿತು, ಯಾವ ಚಿಟ್ಟೆ ಮೊಟ್ಟೆಯಿಟ್ಟಿತು, ಯಾವ ಹಕ್ಕಿ ಬಂದಿತು ಎಂಬುದನ್ನು ತಾರೀಕಿನೊಡನೆ ಬರೆದಿಡಿರಿ. ಕರಿಬೇವಿನ ಎಲೆಯನ್ನು ಹುಳು ತಿಂದಿರುವುದು ಕಂಡರೆ ಔಷಧ ಸಿಂಪಡಿಸಲು ಓಡಬೇಡಿರಿ. ಎರಡು ಮೂರು ವಾರ ಕಾದು ನೋಡಿರಿ. ನೀವು ಶಾಲೆಯನ್ನು ಬಿಟ್ಟು ಹೋದಮೇಲೂ ಆ ಪುಸ್ತಕವನ್ನು ಕಿರಿಯರು ಮುಂದುವರಿಸಲಿ. ಕೆಲವು ವರ್ಷಗಳ ಮೇಲೆ ಅದನ್ನು ತೆರೆದವರಿಗೆ, ಈ ನಗರದ ನೆಲದಲ್ಲಿ ಯಾವ ಗಿಡಕ್ಕೆ ಯಾವ ಜೀವಿ ನೆಂಟನೆಂಬುದು ತಾನಾಗಿಯೇ ತಿಳಿಯುವುದು.